ಹಸಿ ಮಾಲಿನ ತೂಕ

ನಾನು ತೂಕದ ಯಂತ್ರದ ಮೇಲೆ ನಿಲ್ಲುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಾಮದುರ್ಗದಲ್ಲಿ ನಾನು ಪಾಠ ಹೇಳುವ ಹೆಣ್ಣುಮಕ್ಕಳ ಸಾಲೆಯ ಹತ್ತಿರ ಒಂದು ದವಾಖಾನೆಯಿದೆ. ಅಲ್ಲಿಯ ನರ್ಸಬಾಯಿ ಪ್ರತಿ ಸಲ "ಬರ್ರಿ ಟೀಚರ, ಮ್ಯಾಲೆ ನಿಂದರ್ರಿ" ಎನ್ನುತ್ತಾಳೆ. ನಾನು ಪ್ರತಿ ಸಲ "ನಿಮಗ ಕಂಡಷ್ಟ ಬರಕೊಳ್ರಿ" ಎನ್ನುತ್ತೇನೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಏನೋ ಬರೆದುಕೊಳ್ಳುತ್ತಾಳೆ. ಅವಳ ಅಂದಾಜಿನಲ್ಲಿ ನಾನು ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದ್ದೇನೆ, ಏರಲಿ ಬಿಡಿ. ಬಸ್ ಸ್ಟ್ಯಾಂಡಿನಲ್ಲಿ ಬಣ್ಣದ ದೀಪ ಹಚ್ಚಿಕೊಂಡು ನಿಂತು, ನಾಣ್ಯ ನುಂಗಿ, ತೂಕದ ಜೊತೆಗೆ ಭವಿಷ್ಯವನ್ನೂ ಒಂದೇ ಚೀಟಿಯಲ್ಲಿ ಅಚ್ಚು ಹಾಕಿ ಕೊಡುವ ಯಂತ್ರವಿರುತ್ತಿತ್ತಲ್ಲ, ಅದರ ಎದುರು ಹಾಯುವಾಗಲೂ ನಾನು ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದೆ. ಹೆಣ್ಣಿನ ತೂಕಕ್ಕೂ ಭವಿಷ್ಯಕ್ಕೂ ಇರುವ ಸಂಬಂಧ ನನಗೆ ಗೊತ್ತು. ಅದಕ್ಕೆ ನಾಣ್ಯ ಹಾಕಬೇಕಾಗಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಹತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ಹಿಂದೆ ಮುಂದೆ ನೋಡಿ, "ಟೀಚರ, ಮುಂಜಾನೆ ಬಿಸಿನೀರಾಗ ಲಿಂಬಿಹಣ್ಣ ಹಿಂಡಕೊಂಡ ಕುಡದು, ಮಧ್ಯಾನ್ನದ ತನಕಾ ಏನೂ ತಿನ್ನಲಿಲ್ಲಂದ್ರ ಸಣ್ಣ ಆಗತಾರಂತ. ಖರೇನ್ರಿ?" ಎಂದು ಕೇಳಿದಳು. ಕೈ ಕಡ್ಡಿಯಂತಿದೆ, ಕಣ್ಣ ಕೆಳಗೆ ಕಪ್ಪು. ಯಾರು ಹೇಳಿದರು ಎಂದರೆ "ಟಿ.ವಿ.ಯಾಗ ತೋರಿಸ್ತಾರ್ರಿ" ಎಂದಳು. ನನ್ನ ಕಾಲದಲ್ಲಿ ಟಿ.ವಿ. ಇದನ್ನು ಹೇಳುತ್ತಿರಲಿಲ್ಲ. ಆ ಕೆಲಸಕ್ಕೆ ಮನೋಳಿಯ ಅತ್ತಿ ಇದ್ದಳು.

ನನ್ನ ತವರು ಬೈಲಹೊಂಗಲ. ಅಪ್ಪನದು ಅಲ್ಲಿ ಹತ್ತಿ, ಶೇಂಗಾದ ದಲಾಲಿ ಅಂಗಡಿ. ಬಾಗಿಲಲ್ಲೇ ಒಂದು ಕಬ್ಬಿಣದ ಕಾಟಾ. ಚೀಲವನ್ನು ಹಲಗೆಯ ಮೇಲೆ ಒಗೆದು, ಮೇಲಿನ ಪಟ್ಟಿಯ ಮೇಲೆ ಗುಂಡು ಸರಿಸಿ ತೂಗುವ ಯಂತ್ರಕ್ಕೆ ನಮ್ಮಲ್ಲಿ ಕಾಟಾ ಎನ್ನುತ್ತಾರೆ. ಅಮಾವಾಸ್ಯೆಗೆ ವ್ಯಾಪಾರ ಬಂದ್. ಅಂದು ಕಾಟಾ ತೊಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ. ನಮ್ಮ ಮನೆಯಲ್ಲಿ ಜಗುಲಿಯ ಮೇಲಿನ ದೇವರಿಗಿಂತ ಅಂಗಡಿಯ ಕಾಟಾಕ್ಕೆ ಒಂದು ಕೈ ಹೆಚ್ಚೇ ಮರ್ಯಾದೆಯಿತ್ತು. ಅದು ಸುಳ್ಳು ಹೇಳುವುದಿಲ್ಲ ಎಂದು ಅಪ್ಪ ನಂಬಿದ್ದ.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಕನ್ಯಾ ನೋಡಲು ಮೊದಲು ಬಂದವರು ಕಟಕೋಳದವರು. ಶಿರಾ, ಅವಲಕ್ಕಿ ತಿಂದು, ಎರಡೆರಡು ಕಪ್ಪು ಚಹಾ ಕುಡಿದು ಹೋದರು. ನಾಲ್ಕು ದಿನ ಬಿಟ್ಟು ಮಧ್ಯಸ್ಥನ ಕೈಯಲ್ಲಿ ಹೇಳಿ ಕಳಿಸಿದರು: "ಹುಡುಗಿ ಚಲೋನ ಅದಾಳ್ರಿ, ಮಾತು ಚಲೋ, ಮನಿತನ ಚಲೋ. ಸ್ವಲ್ಪ ಮೈಯಾಗ ಅದಾಳ, ಅಷ್ಟ." ಆ 'ಅಷ್ಟ' ಎಂಬುದು ನಮ್ಮ ಮನೆಯ ಪಡಸಾಲೆಯಲ್ಲಿ ಬಹಳ ದಿನ ಕೂತಿತ್ತು. ಅಪ್ಪ ವ್ಯಾಪಾರಸ್ಥ. ತೂಕ ಗೊತ್ತಿಲ್ಲದ ಮಾಲಿನ ಮಾತು ಆಡಿ ಅವನಿಗೆ ರೂಢಿಯಿಲ್ಲ. ಮುಂದಿನ ಅಮಾವಾಸ್ಯೆಗೆ, ಹಮಾಲರೂ ರೈತರೂ ಇಲ್ಲದ ಹೊತ್ತು ನೋಡಿ, ಪೂಜೆ ಮುಗಿದ ಮೇಲೆ ನನ್ನನ್ನು ಕರೆದ. "ನೀಲಾ, ಚಪ್ಪಲಿ ಬಿಟ್ಟು ಹತ್ತು." ಕಾಟಾಕ್ಕೆ ಒಡೆದ ಕಾಯಿಯ ನೀರು ಇನ್ನೂ ಹಲಗೆಯ ಮೇಲೆ ಹಾಗೇ ಇತ್ತು. ಅಂಗಾಲಿಗೆ ಅಂಟಿತು.

ಪುರಾಣದಲ್ಲಿ ತುಲಾಭಾರವಿದೆ. ಒಂದು ಕಡೆ ಮನುಷ್ಯ ಕೂತರೆ ಇನ್ನೊಂದು ಕಡೆ ಬಂಗಾರ ಹಾಕುತ್ತಾರೆ, ತೂಕ ಹೆಚ್ಚಿದ್ದಷ್ಟೂ ಪುಣ್ಯ ಹೆಚ್ಚು. ಗಂಡು ಮನುಷ್ಯ ಕೂತರೆ, ಅನ್ನಿ. ಹಳೆಯ ಕಾವ್ಯಗಳ ನಾಯಕಿಯರ ವಿಷಯವೂ ಹಾಗೆಯೇ ವಿಚಿತ್ರ. ಅವರ ನಡು ಮಾತ್ರ ಕಾಣದಷ್ಟು ಸಣ್ಣ, ಮಿಕ್ಕದ್ದೆಲ್ಲ ತುಂಬಿ ತುಳುಕಬೇಕು, ನಡೆದರೆ ಆನೆಯ ನಡಿಗೆ. ಕಾಲೇಜಿನಲ್ಲಿ ಆ ವರ್ಣನೆಗಳನ್ನು ಬಾಯಿಪಾಠ ಮಾಡಿ ನಾನು ಒಳ್ಳೆಯ ಮಾರ್ಕು ತೆಗೆದುಕೊಂಡಿದ್ದೆ. ಅಂಥ ಒಬ್ಬ ನಾಯಕಿಯನ್ನು ಶಿರಾದ ತಾಟು ಕೈಗೆ ಕೊಟ್ಟು ಕಟಕೋಳದವರ ಎದುರು ಕಳಿಸಿದ್ದರೆ, ಅವಳಿಗೂ 'ಸ್ವಲ್ಪ ಮೈಯಾಗ' ಎಂದೇ ಹೇಳಿ ಕಳಿಸುತ್ತಿದ್ದರು.

ಮನೋಳಿಯ ಅತ್ತಿ, ಅಂದರೆ ಅಪ್ಪನ ತಂಗಿ, ಸುದ್ದಿ ಕೇಳಿ ಸೀರೆ ಗಂಟು ಕಟ್ಟಿಕೊಂಡು ಬಂದುಬಿಟ್ಟಳು. ಅಡಿಗೆಮನೆಯ ರಾಜ್ಯಭಾರ ಅವಳ ಕೈಗೆ ಹೋಯಿತು. ನನಗೆ ಅರ್ಧ ರೊಟ್ಟಿ, ಹುರುಳಿಯ ಕಟ್ಟು, ಸಕ್ಕರೆಯಿಲ್ಲದ ಚಹಾ. ಸೋಮವಾರ ಉಪವಾಸ, ಗುರುವಾರ ಉಪವಾಸ, ಶುಕ್ರವಾರ ದೇವಿಯದು. ಮನೆ ತುಂಬ ಶೇಂಗಾ, ಅಂಗಳದಲ್ಲಿ ಶೇಂಗಾ, ಅಟ್ಟದ ಮೇಲೆ ಶೇಂಗಾ. ನನಗೆ ಮಾತ್ರ ಶೇಂಗಾ ಚಟ್ನಿಯ ಡಬ್ಬಿ ಮುಟ್ಟಬಾರದೆಂಬ ಕಟ್ಟಪ್ಪಣೆ. ಮುಟ್ಟಿನ ದಿನಗಳಲ್ಲಿ ಅವ್ವ ಎಳ್ಳು ಬೆಲ್ಲ ಕುಟ್ಟಿ ಉಂಡಿ ಕಟ್ಟಿ ಕೊಡುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಆ ಹೊಟ್ಟೆನೋವಿಗೆ ಅದೊಂದೇ ಸಮಾಧಾನ. ಅದನ್ನೂ ಅತ್ತಿ ನಿಲ್ಲಿಸಿದಳು. "ಉಂಡಿ ತಿಂದ್ರ ಮೈ ಬರತೈತಿ. ನೋವಿಗೇನ, ಬೋರಲ ಮಲಕೊಂಡ್ರ ಹೋಗತೈತಿ." ಆ ನೋವು ಹಾಗೆ ಹೋಗುವುದಿಲ್ಲ ಎಂದು ಹೇಳುವ ಧೈರ್ಯ ಅವ್ವನಿಗೂ ಇರಲಿಲ್ಲ.

ಇಲ್ಲಿ ಒಂದು ತಮಾಷೆ ಕೇಳಿ. ತಮಾಷೆ ಎಂದು ಈಗ ಅನ್ನುತ್ತೇನೆ. ಕನ್ಯಾ ನೋಡುವ ದಿನವನ್ನು ಗೊತ್ತು ಮಾಡುವವಳು ಅವ್ವ. ಬಂದವರು ಮೆಚ್ಚಿದರೆ ಅಲ್ಲೇ ಉಡಿ ತುಂಬಬಹುದು. ಉಡಿ ತುಂಬುವುದೆಂದರೆ ಹುಡುಗಿಯ ಸೆರಗಿನಲ್ಲಿ ಗೋಧಿ, ಕಾಯಿ, ಕುಬಸದ ಕಣ, ಎಲೆ ಅಡಿಕೆ ಹಾಕಿ 'ಇವಳು ನಮ್ಮವಳು' ಎನ್ನುವುದು. ಹೊರಗಾದ ಹುಡುಗಿಗೆ ಉಡಿ ತುಂಬುವಂತಿಲ್ಲ. ಹೊರಗಾಗಿ ಮುಗಿದ ಮೇಲೆ ಕರೆಯೋಣವೆಂದರೆ ಬರುವವರಿಗೆ ಪುರಸೊತ್ತು ಯಾವಾಗಲೋ. ಆದ್ದರಿಂದ ಅವ್ವನ ಲೆಕ್ಕ ಯಾವಾಗಲೂ ಒಂದೇ: "ಅದು ಬರೋದ್ರಾಗ ಒಮ್ಮೆ ಮುಗಿಸಿಬಿಡೂಣು." ಅಂದರೆ ಮುಟ್ಟು ಬರುವ ಮುಂಚಿನ ಆ ಕೆಲವೇ ದಿನಗಳು. ಹೆಣ್ಣಾದವರಿಗೆ ಆ ದಿನಗಳನ್ನು ನಾನು ವಿವರಿಸಬೇಕೆ? ಕೈಬಳೆ ಬಿಗಿಯುತ್ತದೆ, ಕುಬಸದ ಹುಕ್ಕು ಹಾಕಲು ಉಸಿರು ಬಿಗಿಹಿಡಿಯಬೇಕು, ಮುಖ ಉಬ್ಬುತ್ತದೆ, ಹಸಿವು ಹುಚ್ಚೆದ್ದು ಕುಣಿಯುತ್ತದೆ, ಯಾರಾದರೂ ಹೆಸರು ಕೇಳಿದರೂ ಅಳು ಬರುತ್ತದೆ. ತಿಂಗಳಲ್ಲಿ ಬೇರೆ ಯಾವ ದಿನ ಕರೆದಿದ್ದರೂ ನಾನು ಅಷ್ಟು ಕೆಟ್ಟದಾಗಿ ಕಾಣುತ್ತಿರಲಿಲ್ಲ. ಬಂದವರಿಗೆಲ್ಲ ನಮ್ಮವರು ನನ್ನನ್ನು ಹುಡುಕಿ ಹುಡುಕಿ ಅತ್ಯಂತ ದಪ್ಪಗಿದ್ದ ದಿನವೇ ತೋರಿಸಿದರು.

ಅದರ ಮೇಲೆ ನನ್ನ ಮುಟ್ಟು ಬರುತ್ತಿದ್ದುದೂ ಅಮಾವಾಸ್ಯೆ ದಾಟಿದ ಕೂಡಲೇ. ಪ್ರತಿ ಅಮಾವಾಸ್ಯೆ ಕಾಟಾ ಹತ್ತಿಸುತ್ತಿದ್ದ ದಿನವೂ ಆ ಉಬ್ಬಿದ ದಿನವೇ. ತಿಂಗಳಿಡೀ ಹುರುಳಿಕಟ್ಟು ಕುಡಿದು ಹೋಗಿ ನಿಂತರೆ ಗುಂಡು ನಿಲ್ಲುತ್ತಿದ್ದುದು ಹಿಂದಿನ ಜಾಗದಲ್ಲೇ. ಅಪ್ಪ ಗುಂಡನ್ನು ಆಚೆ ಈಚೆ ಸರಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡುತ್ತಿದ್ದ. ಅತ್ತಿ ನನ್ನ ಮುಖ ನೋಡುತ್ತಿದ್ದಳು. "ಕದ್ದು ತಿಂತಿ ಏನ, ಖರೇ ಹೇಳ." ನಾನು ತಿಂದಿರಲಿಲ್ಲ. ಮರುದಿನದಿಂದ ಅರ್ಧ ರೊಟ್ಟಿ ಕಾಲು ರೊಟ್ಟಿಯಾಯಿತು.

ಅಪ್ಪನ ವಿಷಯದಲ್ಲಿ ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ. ಮಳೆ ತಾಗಿದ ಶೇಂಗಾ ಚೀಲ ಬಂದರೆ ಅವನು ಒಳಗೆ ಕೈ ಹಾಕಿ, ಒಂದು ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಡೆದು ನೋಡಿ, "ಹಸಿ ಮಾಲ ಐತಿ. ಈ ತೂಕ ಖರೇ ತೂಕಲ್ಲ, ನೀರಿಂದು" ಎಂದು ಪಟ್ಟನೆ ಹೇಳುತ್ತಿದ್ದ. ಹತ್ತಿಯ ಅಂಡಿಗೆಗೆ ನೀರು ಚಿಮುಕಿಸಿ ತಂದವರನ್ನು ಹತ್ತು ಹೆಜ್ಜೆ ದೂರದಿಂದ ಗುರುತಿಸುತ್ತಿದ್ದ. ಹಸಿ ಮಾಲನ್ನು ಒಣಗುವವರೆಗೆ ತೂಗಬಾರದೆಂದು ಇಡೀ ಪೇಟೆಗೆ ಪಾಠ ಹೇಳಿದವನು, ತನ್ನ ಮಗಳ ಮೈಯಲ್ಲೂ ತಿಂಗಳಿಗೊಮ್ಮೆ ನೀರು ನಿಂತು ಇಳಿಯಬಹುದೆಂದು ಎಣಿಸಲಿಲ್ಲ. ಎಣಿಸಬೇಕಾದರೆ ಮುಟ್ಟಿನ ಮಾತು ಎತ್ತಬೇಕಿತ್ತು. ಅಪ್ಪ ಮಗಳ ನಡುವೆ ಆ ಮಾತು ನಮ್ಮ ಕಡೆ ಇಲ್ಲ.

ಹಾಗೆ ನೋಡಿದರೆ ನಮ್ಮವರಿಗೆ ಮುಟ್ಟಿನ ಮೈಲಿಗೆಯೇ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲವೆಂದು ಶ್ರಾವಣದ ಪ್ರವಚನದಲ್ಲಿ ಸ್ವಾಮಿಗಳು ವರ್ಷ ವರ್ಷ ಹೇಳುತ್ತಾರೆ. ಅವ್ವ ಮೊದಲ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದಳು. ಮನೆಗೆ ಬಂದ ಮೇಲೆ ದೇವರ ಜಗುಲಿ ಮುಟ್ಟಬೇಡ, ಉಪ್ಪಿನಕಾಯಿ ಭರಣಿ ಮುಟ್ಟಬೇಡ, ಅಂಗಡಿಯ ಕಾಟಾ ಅಂತೂ ಮುಟ್ಟಲೇಬೇಡ. ಕೇಳಿದರೆ, "ಪ್ರವಚನ ಪ್ರವಚನದಾಗ ಇರಲಿ, ಮನಿ ಮನ್ಯಾಗ ಇರಲಿ" ಎನ್ನುತ್ತಿದ್ದಳು. ಶರಣರಂಥ ದೊಡ್ಡವರು ಅಷ್ಟು ಹಿಂದೆ ಬಿಡಿಸಿ ಹೋದ ಗಂಟನ್ನು ನಮ್ಮ ಅವ್ವಂದಿರು ಎಷ್ಟು ಮುತುವರ್ಜಿಯಿಂದ ಮತ್ತೆ ಹಾಕಿಕೊಂಡಿದ್ದಾರೆ ನೋಡಿ.

ಕಾಲು ರೊಟ್ಟಿಯ ಪ್ರತಾಪ ಕಡೆಗೂ ಕಂಡಿತು. ಚಳಿಗಾಲದ ಹೊತ್ತಿಗೆ ಕೊರಳ ಎಲುಬು ಎದ್ದವು, ಬಾಚಣಿಕೆಯ ತುಂಬ ಕೂದಲು ಬರತೊಡಗಿದವು. ಮುಟ್ಟು ನಿಂತಿತು. ಮೊದಲ ತಿಂಗಳು ಅವ್ವ ಗಮನಿಸಲಿಲ್ಲ. ಎರಡನೆಯ ತಿಂಗಳು ಗಮನಿಸಿದಳು, ಮತ್ತು, ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ, ಖುಷಿಪಟ್ಟಳು. ಇನ್ನು ದಿನ ನೋಡಬೇಕಾಗಿಲ್ಲ! ಯಾರು ಯಾವಾಗ ಬಂದರೂ ಹುಡುಗಿ ತಯಾರು. "ದೇವರ ಹಾದಿ ಮಾಡಿ ಕೊಟ್ಟಾನ ನೋಡ ವೈನಿ" ಎಂದು ಅತ್ತಿ ಕೈ ಮುಗಿದಳು. ಅಡ್ಡಿಯಿಲ್ಲವೆಂದು ನನ್ನನ್ನು ಸಿರಸಂಗಿಯ ಗುಡಿಗೆ ಕರೆದೊಯ್ದರು, ಸವದತ್ತಿಯ ದೇವಿ ಗುಡ್ಡಕ್ಕೆ ಬರಿಗಾಲಲ್ಲಿ ಹತ್ತಿಸಿದರು. ಗುಡ್ಡದ ಅರ್ಧಕ್ಕೆ ನನ್ನ ಕಣ್ಣಿಗೆ ಕತ್ತಲೆ ಬಂದು ಕೂತೆ. ಬೆವರಿನಲ್ಲೂ ಚಳಿ. ಅತ್ತಿ ಅದನ್ನೂ ಭಕ್ತಿಯ ಲೆಕ್ಕಕ್ಕೆ ಹಿಡಿದಳು.

ಕಿತ್ತೂರಿನವರು ಬಂದದ್ದು ಆಗ. ಹುಡುಗನದು ರಸಗೊಬ್ಬರದ ಅಂಗಡಿ. ಅವನನ್ನು ಯಾರೂ ಯಾವ ಅಮಾವಾಸ್ಯೆಗೂ ಕಾಟಾ ಹತ್ತಿಸಿರಲಿಲ್ಲವೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಮ್ಮ ಪಡಸಾಲೆಯ ಬೆತ್ತದ ಕುರ್ಚಿ ಅವನು ಕೂತಾಗ ನರಳಿತು. ಅವನ ತಾಯಿ ನನ್ನನ್ನು ನೋಡಿ "ಹುಡುಗಿ ಬಾರೀಕ ಅದಾಳ, ಚಲೋ ಅದಾಳ" ಎಂದಳು. ಬಾರೀಕ ಎಂದರೆ ಸಣ್ಣ. ಅಲ್ಲೇ ಉಡಿ ತುಂಬಿದರು. ಗೋಧಿ, ಕಾಯಿ, ಕಣ ಸೆರಗಿನಲ್ಲಿ ಹಿಡಿದು ಹಿರಿಯರಿಗೆ ಬಗ್ಗಿ ಎದ್ದರೆ ಪಡಸಾಲೆ ಗಿರ್ರನೆ ತಿರುಗಿತು. ಕಂಬ ಹಿಡಿದುಕೊಂಡೆ. ಒಂದು ತೆಂಗಿನಕಾಯಿ ಹೊರಲಾರದಷ್ಟು ಹಗುರಾಗಿದ್ದೆ ನಾನು.

ಚಹಾ ಬಂತು, ಮುಹೂರ್ತದ ಮಾತೂ ಬಂತು. ಕಿತ್ತೂರಿನ ಬೀಗತಿ ದನಿ ತಗ್ಗಿಸಿ ಅವ್ವನನ್ನು ಕೇಳಿದಳು: "ಹುಡುಗಿ ಹೊರಗಾಗೋದು ಯಾವಾಗ್ರಿ? ಅದನ್ನ ತಪ್ಪಿಸಿ ದಿನಾ ಹಿಡಿಯೂಣು."

ಅವ್ವನ ಮುಖ ಅರಳಿತು. ಅವಳು ಇಷ್ಟು ದಿನ ಕಾದಿದ್ದ ಪ್ರಶ್ನೆ ಅದು. ದನಿ ತಗ್ಗಿಸುವುದನ್ನೂ ಮರೆತಳು. "ಅದರ ಚಿಂತಿನ ಬಿಡ್ರಿ ಬೀಗತೇರ! ನಾಕ ತಿಂಗಳಾತು, ನಮ್ಮ ನೀಲಾ ಹೊರಗ ಆಗೇ ಇಲ್ಲ. ಯಾವ ದಿನಾ ಬೇಕಂತೀರಿ ಇಟಕೊಳ್ರಿ."

ಬೀಗತಿ ಕಪ್ಪುಬಸಿ ಕೆಳಗಿಟ್ಟಳು. ಕಂಬ ಹಿಡಿದು ನಿಂತ ನನ್ನನ್ನು ನೋಡಿದಳು, ಆಮೇಲೆ ನನ್ನ ಹೊಟ್ಟೆಯನ್ನು ನೋಡಿದಳು. ಎಲ್ಲರೂ ತಿಂಗಳುಗಟ್ಟಲೆ ಕರಗಿಸಲು ಹೊರಟಿದ್ದ ಅದೇ ಹೊಟ್ಟೆ. ಅವ್ವ ಇನ್ನೂ ನಗುತ್ತಲೇ ಇದ್ದಳು ಪಾಪ. ತಾನು ಏನು ಹೇಳಿದೆನೆಂಬುದು ಅವಳಿಗೆ ಹೊಳೆದದ್ದು ಕಿತ್ತೂರಿನವರ ಜೀಪು ಓಣಿ ದಾಟಿದ ಮೇಲೆ. ಹೊಳೆದಾಗ ಅಡಿಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತು, "ನನ್ನ ನಾಲಗಿ ಸೀದ ಹೋಗಲಿ" ಎಂದು ಬಾಯಿ ಬಾಯಿ ಬಡಿದುಕೊಂಡಳು.

ಮರುದಿನ ಮಧ್ಯಸ್ಥ ಬಂದು ತಲೆ ಕೆರೆದುಕೊಳ್ಳುತ್ತ ಕಿತ್ತೂರಿನವರ ಸಂಶಯ ಹೇಳಿದ. ಅವ್ವ, ಅತ್ತಿ ಇಬ್ಬರೂ ನನ್ನನ್ನು ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು. ಅವರಿಗೆ ಬೇಕಾಗಿದ್ದುದು ಔಷಧವಲ್ಲ, ಸರ್ಟಿಫಿಕೇಟು. ಡಾಕ್ಟರು ಇಬ್ಬರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿ ಕೇಳಿದರು, "ಏನರ ಆಗೇತೇನ ತಂಗಿ? ನನ್ನ ಮುಂದ ಹೇಳು, ಅಂಜಬ್ಯಾಡ."

"ಹಸಿವ್ಯಾಗೇತ್ರಿ," ಎಂದೆ. ಎಂದವಳೇ ಅತ್ತುಬಿಟ್ಟೆ.

ಎಲ್ಲ ಪರೀಕ್ಷೆ ಮುಗಿಸಿ ಅವರು ಅವ್ವನನ್ನೂ ಅತ್ತಿಯನ್ನೂ ಒಳಗೆ ಕರೆದು ಕೂಡಿಸಿ ಬೈದರು. ನಾನು ಅಂಥ ಮಧುರವಾದ ಬೈಗಳನ್ನು ಹಿಂದೆ ಕೇಳಿರಲಿಲ್ಲ. "ಬಸರ ಇಲ್ಲ, ಏನೂ ಇಲ್ಲ. ಇದು ಉಪಾಸದ ಪ್ರತಾಪ. ಮೈಗೆ ಕೂಳಿಲ್ಲಂದ್ರ ಅದು ಮೊದಲ ಮುಟ್ಟ ನಿಲ್ಲಸ್ತೈತಿ. ಇನ್ನೂ ಹಿಂಗ ನಡಿಸಿದ್ರ ಎಲುಬ ಸವದು, ರಕ್ತ ಕಡಿಮ್ಯಾಗಿ, ಮುಂದ ಮಕ್ಕಳಾಗೋದಕ್ಕೂ ತ್ರಾಸ ಆಗಬಹುದು. ತೂಕ ಇಳಿಸೋದಿದ್ರ ಇಳಸ್ರಿ, ಯಾರ ಬ್ಯಾಡಂದ್ರು? ಹೊತ್ತಿಗೆ ಸರಿಯಾಗಿ ರೊಟ್ಟಿ, ಬ್ಯಾಳಿ, ಪಲ್ಯಾ, ಮೊಸರ ಉಣ್ರಿ. ಎಣ್ಣಿ ಸಕ್ಕರಿ ಕಡಿಮಿ ಮಾಡ್ರಿ. ದಿನಾ ನಡೀರಿ, ನೋವಿದ್ದ ದಿನಾ ಸುಮ್ಮ ಮಲಕೊಳ್ರಿ. ನಿಧಾನಕ ಇಳೀತೈತಿ. ಮತ್ತ ಮುಟ್ಟಿನ ಮುಂಚೆ ತೂಕ ನೋಡಬ್ಯಾಡ್ರಿ, ಆವಾಗ ಮೈಯಾಗ ನೀರ ನಿಂತಿರತೈತಿ, ತಾನ ಇಳಕೊಂಡ ಹೋಗತೈತಿ. ಮುಟ್ಟ ಮುಗದ ಮ್ಯಾಲ ನೋಡ್ರಿ. ಅದು ಎರಡ ಮೂರ ತಿಂಗಳ ಬರಲಿಲ್ಲಂದ್ರ ಖುಷಿ ಪಡಬ್ಯಾಡ್ರಿ, ದವಾಖಾನಿಗೆ ಬರ್ರಿ."

ನಮ್ಮ ಹಿಂದೆಯೇ ಬಂದಿದ್ದ ಅಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಬಾಗಿಲು ತೆಳ್ಳಗಿತ್ತು, ಎಲ್ಲ ಕೇಳಿಸಿತ್ತು. ಮನೆಗೆ ನಡೆಯುತ್ತ ಅಂಗಡಿಯ ಹತ್ತಿರ ಬಂದಾಗ ಕಾಟಾದ ಕಡೆ ನೋಡಿ, ತನಗೆ ತಾನೇ "ಹಸಿ ಮಾಲ" ಎಂದ. ಆ ಎರಡು ಶಬ್ದವನ್ನೇ ನಾನು ಅವನ ಕ್ಷಮಾಪಣೆಯೆಂದು ಇಟ್ಟುಕೊಂಡಿದ್ದೇನೆ, ಸಾಲದು ಎಂದೂ ಗೊತ್ತಿದೆ.

ಡಾಕ್ಟರ ಮಾತನ್ನು ಅಪ್ಪನೇ ಕಿತ್ತೂರಿಗೆ ಹೋಗಿ ಹೇಳಿ ಬಂದ. ಬೀಗತಿ ಜಾಣೆ. "ಡಾಕ್ಟರ ಹೇಳಿದ್ದು ಇರಲಿ ರೀ. ಹುಡುಗಿ ಒಮ್ಮೆ ಹೊರಗಾಗಲಿ, ಸುದ್ದಿ ಮುಟ್ಟಸ್ರಿ. ಆಮ್ಯಾಲ ಬರತೇವಿ," ಎಂದಳಂತೆ. ಯಾವ ಮಾತನ್ನು ಅಪ್ಪ ಇಷ್ಟು ವರ್ಷ ಮಗಳ ಎದುರು ಎತ್ತಲಾರದೆ ಹೋದನೋ ಆ ಮಾತು ಈಗ ಎರಡು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡತೊಡಗಿತು. ಮನೆಯಲ್ಲಿ ನನಗೆ ತುಪ್ಪ ಬಂತು, ಎಳ್ಳುಂಡಿ ಬಂತು. ಯಾವ ಮುಟ್ಟಿಗೆ ಮೂಗು ಮುರಿಯುತ್ತಿದ್ದರೋ ಅದಕ್ಕೆ ಅವ್ವ ದೇವರಿಗೆ ಹರಕೆ ಹೊತ್ತಳು. ದಿನಾ ಬೆಳಗ್ಗೆ ನನ್ನ ಮುಖ ನೋಡಿ "ಆತೇನ?" ಎಂದು ಕೇಳುತ್ತಿದ್ದಳು, ಮನೆಗೆ ಬರಬೇಕಾದ ಬೀಗರನ್ನು ಕೇಳಿದ ಹಾಗೆ. ಆಗಲಿಲ್ಲ. ಮೈ ಅಷ್ಟು ಬೇಗ ಯಾರನ್ನೂ ನಂಬುವುದಿಲ್ಲ.

ಅತ್ತಿ ತಾಳ್ಮೆಗೆಟ್ಟಳು. "ಆಗೇತಿ ಅಂತ ಹೇಳಿ ಕಳಿಸೂಣು. ಅವರೇನ ಬಂದು ನೋಡತಾರ?" ಎಂದಳು. ಹೇಳಿ ಕಳಿಸಿದರು. ಹುಡುಗಿ ಹೊರಗಾಗಿದ್ದಳು, ಮುಗಿಯಿತು, ಮೈ ತೊಳೆದಳು, ಎಲ್ಲ ಸರಿಯಿದೆ. ಕಿತ್ತೂರಿನವರು ಮುಂದಿನ ವಾರವೇ ಬರುತ್ತೇವೆ, ಮತ್ತೊಮ್ಮೆ ಉಡಿ ತುಂಬಿ ದಿನ ಗೊತ್ತು ಮಾಡಿಬಿಡೋಣ ಎಂದರು.

ಅವರು ಬರುವ ದಿನ ಬೆಳಗ್ಗೆ ನನಗೆ ಆ ಹಳೆಯ ನೋವು ಕಾಣಿಸಿಕೊಂಡಿತು. ಬಚ್ಚಲಿಗೆ ಹೋದೆ. ಬಂದಿತ್ತು. ಬಚ್ಚಲ ಗೋಡೆಗೆ ಒರಗಿ ನಿಂತು ನಗುತ್ತಿದ್ದೆನೋ ಅಳುತ್ತಿದ್ದೆನೋ ತಿಳಿಯಲಿಲ್ಲ. ನನ್ನದೊಂದು ವಸ್ತು ಕಳೆದುಹೋಗಿ, ತಾನೇ ಮನೆ ಹುಡುಕಿಕೊಂಡು ಬಂದಂತೆ ಅನ್ನಿಸಿತು. ಅವ್ವನಿಗೆ ಹೇಳಿದೆ. ಅವಳ ಕಣ್ಣಲ್ಲಿ ಒಂದು ಗಳಿಗೆ ನಿಜವಾದ ಸಂತೋಷ ಕಂಡಿತು. ಮರುಗಳಿಗೆ ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಯವ್ವಾ, ಇವತ್ತ ಬರಬೇಕಿತ್ತ ಇದು? ಹೋದ ವಾರ ಆಗೇತಿ ಅಂತ ಹೇಳೇವಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಸುಮ್ಮ ಕುಂತ ಉಡಿ ತುಂಬಿಸ್ಕೋ."

ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಬೀಗತಿ ಬೊಗಸೆಯಲ್ಲಿ ಗೋಧಿ ಹಿಡಿದು ನನ್ನ ಸೆರಗಿನ ಹತ್ತಿರ ತಂದಳು. ಸೆರಗು ಒಡ್ಡಬೇಕಾದವಳು ನಾನು ಕೈ ಹಿಂದೆ ತೆಗೆದುಕೊಂಡೆ.

"ನಾ ಹೊರಗಾಗೇನ್ರಿ," ಎಂದೆ. ಪಡಸಾಲೆಯಲ್ಲಿ ಕೂತ ಗಂಡಸರಿಗೂ ಕೇಳಿಸಿತು.

ಬೀಗತಿಯ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಬೇಕಾಗಿದ್ದ ಸಾಕ್ಷಿ ಸಿಕ್ಕಿತೆಂದು ಅದು ಸಡಿಲಾಯಿತು, ಕೂಡಲೇ ಮೈಲಿಗೆಯಾದೀತೆಂದು ಬಿಗಿಯಿತು. ಒಂದು ಕೈಯಲ್ಲಿ ಸೆರಗು ಹಿಂದಕ್ಕೆಳೆದುಕೊಂಡಳು, ಇನ್ನೊಂದು ಕೈಯಿಂದ ಗೋಧಿ ಚೆಲ್ಲಿತು. ಆಮೇಲೆ ನೆನಪಾಗಿ, "ಹೋದ ವಾರ ಆಗೇತಿ ಅಂದಿದ್ರೆಲ್ಲಾ?" ಎಂದಳು. ಕೇಳಿದ್ದು ಅವ್ವನನ್ನು. ಉತ್ತರ ಕೊಟ್ಟವಳು ನಾನು.

"ಅದು ನಿಮ್ಮ ಸಲುವಾಗಿ ಆಗಿತ್ರಿ. ಇದು ನನ್ನ ಸಲುವಾಗಿ."

ಮಣೆಯಿಂದ ಎದ್ದು ಅಡಿಗೆಮನೆಗೆ ಹೋಗಿ ಎರಡು ರೊಟ್ಟಿ ಹಾಕಿಕೊಂಡು, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿಕೊಂಡು ಉಂಡೆ. ಯಾರೂ ತಡೆಯಲಿಲ್ಲ. ಕಿತ್ತೂರಿನಿಂದ ಆಮೇಲೆ ಯಾವ ಸುದ್ದಿಯೂ ಬರಲಿಲ್ಲ. ಅವ್ವ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಅಪ್ಪ ಕಾಟಾ ಪೂಜೆ ಮಾಡಿದ, ನನ್ನನ್ನು ಕರೆಯಲಿಲ್ಲ. ನಾನು ಬಿ.ಎಡ್. ಮಾಡಿ ರಾಮದುರ್ಗಕ್ಕೆ ಬಂದೆ. ಮದುವೆಯಾಗಲಿಲ್ಲ. ಅದಕ್ಕೆ ಆ ದಿನವೇ ಕಾರಣವೆಂದು ಅತ್ತಿ ಈಗಲೂ ಹೇಳುತ್ತಾಳೆ. ಇರಬಹುದು. ಒಮ್ಮೊಮ್ಮೆ ಸಂಜೆ ಒಬ್ಬಳೇ ರೊಟ್ಟಿ ಬಡಿಯುವಾಗ ನನಗೂ ಹಾಗನ್ನಿಸಿ ಬಾಯಿ ಕಹಿಯಾಗುತ್ತದೆ.

ಮೊನ್ನೆ ಬಂದ ಆ ಹುಡುಗಿಗೆ ನನ್ನ ಡಬ್ಬಿ ಬಿಚ್ಚಿ ಮುಂದಿಟ್ಟೆ. ಅವಳು ಉಣ್ಣುತ್ತಿರುವಾಗ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಆಮೇಲೆ ಇವಳ ಮುಟ್ಟೂ ನಿಂತಿದೆಯೋ ಏನೋ ಎಂದು ಸಂಶಯ ಬಂದು, ಸಾಲೆ ಬಿಟ್ಟ ಮೇಲೆ ಅವಳನ್ನು ಕರೆದುಕೊಂಡು ಆ ದವಾಖಾನೆಗೆ ಹೋದೆ. ಹಜಾರದ ತುಂಬ ಜನ. ನರ್ಸಬಾಯಿ ಹುಡುಗಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲಿ, ಕೊನೆಯ ಮುಟ್ಟು ಯಾವಾಗ ಆಗಿತ್ತೆಂದು ಕೇಳಿದಳು. ಹುಡುಗಿ ನಾಚಿ ನನ್ನ ಸೆರಗು ಹಿಡಿದುಕೊಂಡು ತಲೆ ತಗ್ಗಿಸಿದಳು. ಮೊದಲು ನಾನು ನನ್ನ ತಾರೀಖು ಹೇಳಿದೆ, ಹಜಾರದಲ್ಲಿ ಕೂತವರಿಗೆಲ್ಲ ಕೇಳುವಷ್ಟು ಜೋರಾಗಿ. ಆಮೇಲೆ ಅವಳೂ ಹೇಳಿದಳು.